ಚುಚ್ಚಿದ ಸೂಜಿ ಆ ಮನೆಯದೇ

ನಸುಕಿನ ನಾಲ್ಕೂವರೆ. ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾಯಿಗಳೂ ಮಲಗಿರುವ ಹೊತ್ತು. ತಗಡಿನ ಬಾಗಿಲಿನ ಮನೆಯೊಂದರ ಒಳಗಿಂದ ಟಿಣ್, ಟಿಣ್ ಎಂಬ ಸಣ್ಣ ಸದ್ದು ಬರುತ್ತಿದೆ. ಕಿವಿಗೊಟ್ಟರಷ್ಟೇ ಕೇಳಿಸುವ ಸದ್ದು. ಒಲೆಯ ಮೇಲಿನ ಕುಕ್ಕರಿನಲ್ಲಿ ನೀರು ಕುದಿಯುತ್ತಿದ್ದು, ಅದರೊಳಗಿನ ಸ್ಟೀಲು ಡಬ್ಬಿಗೆ ಹಿತ್ತಾಳೆಯ ಹಿಡಿಕೆಯೊಂದು ಅಲುಗಿ ಅಲುಗಿ ಬಡಿಯುತ್ತಿದೆ.

ಒಲೆಯ ಮುಂದೆ ಕುಳಿತ ಯಲ್ಲವ್ವನವರ ಕಣ್ಣು ಗೋಡೆ ಗಡಿಯಾರದ ಮೇಲಿದೆ. ಮೊದಲ ಸೀಟಿ ಹೊಡೆದ ಮೇಲೆ ಇಪ್ಪತ್ತು ನಿಮಿಷ. ಒಂದು ನಿಮಿಷ ಹೆಚ್ಚಾದರೂ ಆದೀತು, ಕಡಿಮೆ ಆಗಕೂಡದು. ಎದುರುಮನೆಯ ಸಿಕಂದರ ಹಾಲಿನ ಗಾಡಿ ಹೊರಡಿಸುವಾಗ ದಿನಾ ಕೇಳುವ ಪ್ರಶ್ನೆ ಒಂದೇ: “ಏನ ಅಡಗಿ ಯಲ್ಲವ್ವ ಕಾಕಿ, ಇಷ್ಟ ನಸಿಕಿನ್ಯಾಗ?” ಒಳಗಿನಿಂದ ಬರುವ ಉತ್ತರವೂ ಒಂದೇ: “ಹಿತ್ತಾಳಿ ಸಾರೋ ಯಪ್ಪಾ. ಬಟ್ಟಲಾ ತಗೊಂಡ ಬಾ.”

ಕುಕ್ಕರಿನೊಳಗೆ ಇರುವುದು ಸೂಜಿ ಸಿಕ್ಕಿಸುವ ಒಂದು ಹಿಡಿಕೆ, ಒಂದು ಚಿಮಟ, ಎರಡು ಪುಟ್ಟ ಬಟ್ಟಲು. ಸೂಜಿ ಅಲ್ಲಿಲ್ಲ. ಸೂಜಿಗಳು ಕಾಗದದ ಪೊಟ್ಟಣದಲ್ಲಿ ಒಂದೊಂದಾಗಿ ಮುಚ್ಚಿಕೊಂಡು ಬರುತ್ತವೆ. ಒಬ್ಬರಿಗೆ ಒಂದು, ಅಷ್ಟೇ. “ಸೂಜಿ ಹೊಸಾವು, ಹಿಡಿಕಿ ನಮ್ಮವ್ವಂದ್ರಿ,” ಎನ್ನುತ್ತಾರೆ ಯಲ್ಲವ್ವ. “ಅವ್ವನ ಹಿಡಿಕಿ ಒಗಿಯಾಕ ಬರಂಗಿಲ್ಲ. ಹಂಗಂತ ಹಂಗ ಬಳಸಾಕೂ ಬರಂಗಿಲ್ಲ. ಕುದಸೂದ ಒಂದ ದಾರಿ.”

ಯಲ್ಲವ್ವನವರಿಗೆ ಈಗ ಐವತ್ತೇಳು. ಹದಿಮೂರನೆಯ ವಯಸ್ಸಿನಲ್ಲಿ ತಾಯಿಯ ಪಕ್ಕ ಕುಳಿತು ಕಲಿತ ಕೆಲಸ ಇದು. ಕಿವಿ ಚುಚ್ಚುವುದು, ಮೂಗು ಚುಚ್ಚುವುದು, ಹಚ್ಚೆ ಹಾಕುವುದು. ಬಾಗೇವಾಡಿಯ ಮನೆಯ ಮುಂದಿನ ಕೋಣೆಯೇ ಅಂಗಡಿ. ಸಂತೆಯ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳಕ್ಕೆ ಬಸ್ಸು ಹತ್ತುತ್ತಾರೆ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಮಡಚುವ ಮಣೆ. ನಾಲ್ಕು ತಾಲೂಕಿನಲ್ಲಿ ಅವರು ಚುಚ್ಚಿದ ಕಿವಿಗಳಿಗೆ ಲೆಕ್ಕವಿಲ್ಲ. ತಾವು ಕಿವಿ ಚುಚ್ಚಿದ ಹುಡುಗಿಯರು ಈಗ ತಮ್ಮ ಮೊಮ್ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ ಎಂದು ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ಏರುತ್ತದೆ. ಸುಗ್ಗಿ ಮುಗಿದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಮಂದಿ. ಮಳೆಗಾಲದಲ್ಲಿ ವಾರಕ್ಕೊಬ್ಬರು ಬಂದರೆ ದೊಡ್ಡದು.

ತಾಯಿಯ ಕಾಲದಲ್ಲಿ ಹರಳೆಣ್ಣೆ ದೀಪದ ಕಪ್ಪಿಗೆ ಹಾಗಲ ಎಲೆಯ ರಸ ಬೆರೆಸಿ ಮಸಿ ಅರೆಯುತ್ತಿದ್ದರು. ಮೂರು ಸೂಜಿ ಸೇರಿಸಿ ದಾರದಿಂದ ಬಿಗಿಯುತ್ತಿದ್ದರು. ತೊಟ್ಟಿಲು, ತುಳಸಿಕಟ್ಟೆ, ಚೇಳು, ಜೋಡಿ ನವಿಲು ಎಲ್ಲವೂ ಕಣ್ಣಳತೆಯಲ್ಲೇ ಮುಂಗೈ ಮೇಲೆ ಮೂಡುತ್ತಿದ್ದವು. ಈಗ ಮಸಿ ಶೀಶೆಯಲ್ಲಿ ಬರುತ್ತದೆ, ಹುಡುಗರು ಮೊಬೈಲಿನಲ್ಲಿ ಚಿತ್ರ ತರುತ್ತಾರೆ, ಇಂಗ್ಲಿಷ್ ಅಕ್ಷರ ಕೇಳುತ್ತಾರೆ. ಯಲ್ಲವ್ವನವರಿಗೆ ಯಾವ ಭಾಷೆಯ ಅಕ್ಷರವೂ ಬಾರದು. “ಓದಾಕ ಬರಂಗಿಲ್ರಿ, ತಿದ್ದಾಕ ಬರ್ತೈತಿ. ಆದ್ರ ಹುಡಿಗಿ ಹೆಸರು ಹಾಕ್ರಿ ಅಂತ ಬಂದ್ರ ಮೊದಲ ಕೇಳತೇನಿ: ಲಗ್ನ ಆತೇನೋ ತಮ್ಮಾ? ಇನ್ನೂ ಇಲ್ಲಾ? ಹಂಗಾರ ಆದ ಮ್ಯಾಲ ಬಾ. ಮಸಿ ಒಣಗಂಗಿಲ್ಲ, ಇಲ್ಲೇ ಇರ್ತೈತಿ.” ಹಾಗೆ ಕಳಿಸಿದ ಹುಡುಗರಲ್ಲಿ ಅರ್ಧದಷ್ಟು ಮಂದಿ ಮರಳಿ ಬಂದಿದ್ದಾರಂತೆ, ಬೇರೆ ಹೆಸರು ಹಿಡಿದುಕೊಂಡು.

ತೊಡೆಯ ಮೇಲೆ ಕೈ ಚಾಚಿ ಕುಳಿತ ಹೆಂಗಸು ಸುಮ್ಮನೆ ಕೂರುವುದಿಲ್ಲ. ನೋವು ಮರೆಯಲೆಂದು ಮಾತಿಗೆ ತೊಡಗುತ್ತಾಳೆ. ಮಾತು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತದೆ. ಉಳಿಯದ ಕೂಸಿನ ಹೆಸರನ್ನು ಮುಂಗೈ ಮೇಲೆ ಹಾಕಿಸಿಕೊಳ್ಳಲು ಬಂದವರಿದ್ದಾರೆ. ಹಳೆಯ ಹೆಸರೊಂದನ್ನು ನವಿಲಿನ ಗರಿಯ ಕೆಳಗೆ ಮುಚ್ಚಿಸಿಕೊಂಡು ಹೋದವರಿದ್ದಾರೆ. ಗಂಡ ಸತ್ತ ದಿನ ಮೂಗುಬೊಟ್ಟು ತೆಗೆಸಿಕೊಂಡು, ಎಷ್ಟೋ ವರ್ಷಗಳ ಮೇಲೆ ಒಬ್ಬರೇ ಬಂದು, “ಮುಚ್ಚಿದ ತೂತು ಮತ್ತ ತೆರೀತೈತೇನ?” ಎಂದು ಮೆಲ್ಲಗೆ ಕೇಳಿದವರೂ ಇದ್ದಾರೆ. ಯಾರ ಜಾತಿ, ಯಾರ ಮನೆತನ ಎಂಬ ವಿಚಾರಣೆ ಆ ಮಣೆಯ ಮೇಲೆ ನಡೆಯುವುದಿಲ್ಲ. “ಎಲ್ಲಾ ಮಂದಿ ಕೈ ನನ್ನ ತೊಡಿ ಮ್ಯಾಲ ಇಟ್ಟಾರ. ಕೇಳತೇನಿ, ಚುಚ್ಚತೇನಿ, ಮರೀತೇನಿ,” ಎನ್ನುತ್ತಾರೆ ಯಲ್ಲವ್ವ.

ಈ ಕಸುಬಿಗೆ ಒಂದು ಪದ್ಧತಿ ಇದೆ. ಚುಚ್ಚಿದ ಸೂಜಿ ಚುಚ್ಚಿದವರದಲ್ಲ, ಆ ಮನೆಯದು. ಕೂಸಿನ ರಕ್ತ ಸೋಕಿದ ಸೂಜಿ ಪರರ ಕೈಯಲ್ಲಿ ಉಳಿದರೆ ಕಿವಿ ಬಾಯುತ್ತದೆ ಎಂಬ ನಂಬಿಕೆ. ಕೆಲಸ ಮುಗಿದ ಕೂಡಲೇ ಸೂಜಿಯನ್ನು ಅರಿಷಿಣದ ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಡಬೇಕು. ಮನೆಯವರು ಅದನ್ನು ಲಿಂಬೆಹಣ್ಣಿಗೋ ಕೊಬ್ಬರಿ ಬಟ್ಟಲಿಗೋ ಚುಚ್ಚಿ ದೇವರ ಜಗಲಿಯ ಮೇಲೆ ಇಡುತ್ತಾರೆ. ಯಲ್ಲವ್ವನವರ ತಾಯಿ ಹೀಗೇ ಮಾಡುತ್ತಿದ್ದರು, ಅವರ ಅಜ್ಜಿಯೂ. ಹಚ್ಚೆಗೂ ಇದೇ ನೇಮ. ಈ ನೇಮವೇ ಕಳೆದ ವರ್ಷ ಅವರ ನಲವತ್ತಮೂರು ವರ್ಷದ ಕಸುಬನ್ನು ಮುಳುಗಿಸಲು ಹೊರಟಿತ್ತು.

ಆಗಿದ್ದು ಇಷ್ಟು. ಎಲ್ಲಿಂದಲೋ ಬಂದ ಒಬ್ಬಾತ ರಸ್ತೆ ಬದಿಯಲ್ಲಿ ಮೆಷಿನ್ ಇಟ್ಟುಕೊಂಡು ಹಚ್ಚೆ ಹಾಕಿ ಹೋದ. ಏಳೆಂಟು ಹುಡುಗರ ತೋಳು ಬಾತು ಕೀವಾಯಿತು. ಪುರಸಭೆಯ ಆಟೊ ಮೈಕು ಕಟ್ಟಿಕೊಂಡು ಊರೆಲ್ಲ ಸಾರಿತು: ಇನ್ನು ಮುಂದೆ ಪರವಾನಗಿ ಇಲ್ಲದೆ ಯಾರೂ ಚರ್ಮ ಚುಚ್ಚುವಂತಿಲ್ಲ. ಊರಲ್ಲಿ ಕಿವಿ ಚುಚ್ಚುತ್ತಿದ್ದ ಇಬ್ಬರು ಮೂವರು ಕೈ ತೊಳೆದುಕೊಂಡರು. ಯಲ್ಲವ್ವ ಮಾತ್ರ ಮಗಳನ್ನು ಕರೆದುಕೊಂಡು ಕಚೇರಿಯ ಮೆಟ್ಟಿಲು ಹತ್ತಿದರು. ಮಗಳು ವಿಜಯಶ್ರೀ ಬಿ.ಎ. ಮುಗಿಸಿದ್ದಾಳೆ. ಅರ್ಜಿ ಬರೆದದ್ದು ಅವಳೇ.

ಗುಮಾಸ್ತ ಕಾಳಪ್ಪ ಉದ್ದಿಮೆಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದ. ಕಿರಾಣಿ ಇತ್ತು, ಗಿರಣಿ ಇತ್ತು, ಕಟಿಂಗ್ ಅಂಗಡಿ ಇತ್ತು. “ಹಚ್ಚಿ ಅಂತ ಇದರಾಗ ಇಲ್ಲಬೇ. ಬ್ಯೂಟಿ ಪಾರ್ಲರ್ ಅಂತ ಬರೀಲೇನ?”

“ನನ್ನ ಮಾರಿ ನೋಡಿ ಬರಿ ತಮ್ಮಾ. ಯಾರರ ನಂಬತಾರೇನು?” ಎಂದರು ಯಲ್ಲವ್ವ.

ಕಚೇರಿ ನಕ್ಕಿತು. ಒಳಕೋಣೆಯಿಂದ ಆರೋಗ್ಯ ನಿರೀಕ್ಷಕಿ ವಸುಧಾ ಹೊರಬಂದರು. ಕಡಿಮೆ ಮಾತಿನ, ನಿಯಮದ ಮನುಷ್ಯೆ. ಅರ್ಜಿ ಓದಿ, ತಾವೇ ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ‘ಚರ್ಮ ಚುಚ್ಚುವ ಮತ್ತು ಹಚ್ಚೆ ಹಾಕುವ ಕೇಂದ್ರ’ ಎಂದು ಬರೆದರು. ಮಗಳು ಅದನ್ನು ಓದಿ ಹೇಳಿದಾಗ ಯಲ್ಲವ್ವನವರಿಗೆ ನಂಬಿಕೆಯಾಗಲಿಲ್ಲ. “ಕೇಂದ್ರಾ? ನಾ ಒಬ್ಬಾಕೀನ ಅದೇನಲ್ಲಾ?”

ಪರವಾನಗಿ ಕೈಗೆ ಬರುವ ಮೊದಲು ಮೂರು ತಿಂಗಳ ಪರೀಕ್ಷೆ, ಕೆಲಸ ನಡೆಸುತ್ತಲೇ. ತೊಳೆಯಲು ಬರುವಂಥ ನೆಲ, ನೀರಿನ ನಲ್ಲಿ, ಬಂದವರ ಹೆಸರು ಬರೆಯುವ ವಹಿ, ಬಳಸಿದ ಸೂಜಿ ಹಾಕಲು ಮುಚ್ಚಳವಿರುವ ಗಟ್ಟಿ ಬಿಳಿ ಡಬ್ಬಿ. ಹಮಾಲಿ ಕೆಲಸದ ಗಂಡ ಮಾನಪ್ಪ ಎರಡು ಭಾನುವಾರ ಕೂತು ತಾನೇ ಟೈಲ್ಸ್ ಹಾಕಿದ. ಸಾಲು ಸೊಟ್ಟ, ನೆಲ ಮಾತ್ರ ಚೊಕ್ಕ. ವಹಿ ವಿಜಯಶ್ರೀಯ ಪಾಲಿಗೆ ಬಂತು. ಅವಳು ಇಲ್ಲದ ದಿನ ಬಂದವರೇ ತಮ್ಮ ಹೆಸರು ಬರೆದು ಹೋಗಬೇಕು. ಡಬ್ಬಿಯ ವಿಷಯದಲ್ಲಿ ವಸುಧಾ ಹೇಳಿದ ಮಾತು ಯಲ್ಲವ್ವನವರಿಗೆ ಇಂದಿಗೂ ಬಾಯಿಪಾಠ: “ಬಳಸಿದ ಸೂಜಿ ಹೊರಗ ಎಲ್ಲೂ ಬೀಳಬಾರದು. ಈ ಡಬ್ಬಿಯೊಳಗ ಹಾಕ್ರಿ.”

ಹೊರಗೆ ಎಲ್ಲೂ ಬೀಳಲಿಲ್ಲ. ಮನೆಗೆ ಒಯ್ಯಲು ಒಲ್ಲೆನೆಂದವರ ಸೂಜಿಗಳೆಲ್ಲ ಡಬ್ಬಿಗೆ ಹೋದವು. ಉಳಿದವು ಎಂದಿನಂತೆ ಅರಿಷಿಣದ ಬಟ್ಟೆಯಲ್ಲಿ ಸುತ್ತಿಕೊಂಡು ಅವರವರ ಮನೆಗೆ ಹೋದವು. ಮನೆಗೆ ಕೊಟ್ಟದ್ದನ್ನು ಬಿದ್ದದ್ದೆಂದು ಯಲ್ಲವ್ವ ಹೇಗೆ ತಿಳಿದಾರು?

ಮೂರು ತಿಂಗಳು ತುಂಬಿದ ದಿನ ವಸುಧಾ ಕೈಗವಸು ಹಾಕಿಕೊಂಡು ಡಬ್ಬಿ ತೆರೆದರು. ಚಿಮಟದಿಂದ ಒಂದೊಂದೇ ತೆಗೆದು ಎಣಿಸಿದರು. ವಹಿಯ ಹಾಳೆ ತಿರುವಿದರು. ಮತ್ತೊಮ್ಮೆ ಎಣಿಸಿದರು.

“ವಹಿಯೊಳಗ ಎಂಬತ್ತನಾಲ್ಕು ಮಂದಿ ಇದ್ದಾರ. ಸೂಜಿ ಇಪ್ಪತ್ಮೂರು ಅವ. ಒಂದು ಸೂಜೀಲೆ ಎಷ್ಟು ಮಂದಿಗೆ ಚುಚ್ಚೀರಿ ಯಲ್ಲವ್ವ?”

ಆ ಪ್ರಶ್ನೆಯನ್ನು ನೆನೆದರೆ ಯಲ್ಲವ್ವನವರ ಮುಖ ಈಗಲೂ ಗಂಭೀರವಾಗುತ್ತದೆ. “ಯಾರೂ ಕೇಳಿದ್ದಿಲ್ರಿ ಹಂಗ.” ಸೂಜಿಗಳನ್ನು ಮನೆಗಳಿಗೆ ಕೊಟ್ಟೆನೆಂದು ಹೇಳಿದರು. ಜೊತೆಗೆ ಬಂದಿದ್ದ ಕಾಳಪ್ಪ ಬಾಯಿ ಹಾಕಿದ: “ಪ್ರಸಾದ ಕೊಟ್ಟಂಗ ಕೊಟ್ಟಿಯೇನ ಯಕ್ಕಾ?”

“ಸೂಜಿನ ಕೊಟ್ಟ ಮ್ಯಾಲ ಅದರಲೆ ಇನ್ನೊಬ್ಬರಿಗೆ ಹ್ಯಾಂಗ ಚುಚ್ಚಲ್ರಿ ಮೇಡಂ?” ಎಂದರು ಯಲ್ಲವ್ವ, ಕಾಳಪ್ಪನ ಕಡೆ ನೋಡದೆ.

ಪದ್ಧತಿ ವಸುಧಾ ಅವರಿಗೂ ಹೊಸದಲ್ಲ. ಆದರೆ ಅವರು ಬರೆಯಬೇಕಾದದ್ದು ಕಾಗದದ ಮೇಲೆ. “ನಿಮ್ಮ ಮಾತು ಖರೆ ಇರಬಹುದು. ನನಗ ಸೂಜಿ ತೋರಸ್ರಿ. ಹದಿನೈದು ದಿವಸ ಅವ. ಇಲ್ಲಂದ್ರ ಅರ್ಜಿ ತಿರಸ್ಕಾರ ಆಗ್ತದ. ಆಮ್ಯಾಲ ಈ ಕೆಲಸ ನೀವು ಎಲ್ಲೂ ಮಾಡೋ ಹಂಗಿಲ್ಲ.”

ಅರವತ್ತೊಂದು ಸೂಜಿ, ನಾಲ್ಕು ತಾಲೂಕು, ಹದಿನೈದು ದಿನ. ಮರುದಿನವೇ ತಾಯಿ ಮಗಳು ವಹಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಕೊಟ್ಟ ಸೂಜಿಯನ್ನು ಮರಳಿ ಕೇಳುವುದು ಸುಲಭವಲ್ಲ. ಮುಳವಾಡದಲ್ಲಿ ಒಬ್ಬ ಬಾಣಂತಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ನಮ್ಮ ಕೂಸಿನ ಸೂಜಿ ಸರಕಾರಕ್ಕ ಯಾಕಬೇ?” ಎಂದು ಅಳುಮುಖ ಮಾಡಿದಳು. ಅವಳ ಅತ್ತೆ ಜಗಲಿಯ ಮೇಲಿನ ಲಿಂಬೆಹಣ್ಣನ್ನು ತಂದು ಕೊಟ್ಟಳು. ಹಣ್ಣು ಒಣಗಿ ಕಪ್ಪಾಗಿತ್ತು, ಸೂಜಿ ಒಳಗೆ ಹಾಗೇ ಇತ್ತು. ಹಲಸಂಗಿಯ ರೈತ ಅಮಸಿದ್ದ ಮೊಮ್ಮಗಳ ಸೂಜಿಯನ್ನು ಮನೆಯ ಜಂತಿಗೆ ಹೊಡೆದುಬಿಟ್ಟಿದ್ದ. ಏಣಿ ಇಟ್ಟು, ಇಕ್ಕಳ ಹಿಡಿದು ಕೀಳುತ್ತ, “ಯಲ್ಲವ್ವ, ಇದನ್ನ ತಗದ ಮ್ಯಾಲ ಮಾಳಗಿ ಬಿದ್ರ ನಿಮ್ಮ ಮೇಡಂ ಬಂದ ಕಟ್ಟತಾಳೇನು?” ಎಂದ. ಇಂಡಿಯಲ್ಲಿ ಬಟ್ಟೆ ಹೊಲಿಯುವ ಶಮಶಾದಬಿ ತನ್ನ ಹೊಲಿಗೆ ಯಂತ್ರದ ಖಾನೆಯಿಂದ ಪುಟ್ಟ ಡಬ್ಬಿ ತೆಗೆದಳು. “ನನ್ನ ಕಡೆ ಸೂಜಿ ಕೇಳಾಕ ಟೇಲರ್ ಮಂದಿ ಬರ್ತಾರ. ನೀ ಯಾವಾಗಿಂದ ಟೇಲರ್ ಆದಿ ಯಕ್ಕಾ?” ಎಂದು ನಕ್ಕಳು. ಚಹಾ ಕುಡಿಸದೆ ಬಿಡಲಿಲ್ಲ.

ಹೋದ ಮನೆಯಲ್ಲೆಲ್ಲ ಯಲ್ಲವ್ವ ಮೊದಲು ಮಾಡುತ್ತಿದ್ದ ಕೆಲಸ ಬೇರೆ. ಮಗುವನ್ನು ಬೆಳಕಿಗೆ ಕರೆದು ಕಿವಿ ತಿರುಗಿಸಿ ನೋಡುತ್ತಿದ್ದರು. ಹಚ್ಚೆಯಾದರೆ ಬೆರಳಿಂದ ಸವರಿ ನೋಡುತ್ತಿದ್ದರು. ಸೂಜಿ ಆಮೇಲೆ. ವಿಜಯಶ್ರೀ ಅದನ್ನು ಗಮನಿಸಿ, ವಹಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ‘ಗಾಯ ಮಾಯ್ದಿದೆ’ ಎಂದು ಬರೆಯತೊಡಗಿದಳು. ಸಿಂದಗಿಯಲ್ಲಿ ಒಂದೇ ಒಂದು ಕಿವಿ ಸ್ವಲ್ಪ ಕೆಂಪಾಗಿತ್ತು. ತಾಯಿ ಮಗಳು ಆ ಮಗುವನ್ನು ಆಸ್ಪತ್ರೆಗೆ ಕರೆದೊಯ್ದು ಔಷಧ ಕೊಡಿಸಿ, ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ ನೋಡಿದರು. ಬಸ್ಸು ಕಾಯುತ್ತ ಒಂದು ಇಡೀ ಮಧ್ಯಾಹ್ನ ಹೋಯಿತು. ಹದಿನೈದರಲ್ಲಿ ಅದೂ ಒಂದು ದಿನ.

ಬಾಗೇವಾಡಿಯ ಗೋದೂಬಾಯಿ ಮಾತ್ರ ಸೂಜಿ ಕೊಡಲಿಲ್ಲ. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಮೊಮ್ಮಗಳ ಸೂಜಿ ಕೊಬ್ಬರಿ ಬಟ್ಟಲಿನಲ್ಲಿ ತುಳಸಿಯ ಪಕ್ಕ ಇತ್ತು. “ನಿನ್ನ ಕೈಯಾಗ ಕೊಡಂಗಿಲ್ಲ. ಯಾರು ಅನುಮಾನ ಮಾಡ್ಯಾರೋ ಅವರ ಕೈಯಾಗ ನಾನ ಕೊಡ್ತೇನಿ,” ಎಂದು ಬಾಗಿಲು ಹಾಕಿಕೊಂಡರು.

ಹದಿನೈದನೆಯ ದಿನ ಕಚೇರಿಯ ಮೇಜಿನ ಮೇಲೆ ಅಗಲ ತಟ್ಟೆಯಂಥ ಒಂದು ಪರಾತ. ಅದರಲ್ಲಿ ಒಣಗಿದ ಲಿಂಬೆಹಣ್ಣುಗಳು, ಕೊಬ್ಬರಿ ಬಟ್ಟಲುಗಳು, ಅರಿಷಿಣದ ಗಂಟುಗಳು, ಒಂದು ಪೆಪ್ಪರಮೆಂಟಿನ ಡಬ್ಬಿ. ಕಾಳಪ್ಪ ದೂರದಿಂದಲೇ ಮೂಗು ಮುರಿದ. “ಪೂಜಾ ಐತೇನ ಇವತ್ತ ಆಫೀಸಿನ್ಯಾಗ?”

ಆ ಹೊತ್ತಿಗೆ ಗೋದೂಬಾಯಿ ಕೊಬ್ಬರಿ ಬಟ್ಟಲು ಹಿಡಿದು ಒಳಗೆ ಬಂದರು. “ಅಗಬಾಯಿ! ಕಾಳ್ಯಾ, ನೀನೇನೋ ಇಲ್ಲೆ? ಸಾಲ್ಯಾಗ ನಿನ್ನ ಕಿವಿ ಹಿಂಡಿದಾಕಿ ನಾನು. ಚುಚ್ಚಿದಾಕಿ ಈಕಿ. ಮುಟ್ಟಿ ನೋಡ್ಕೋ, ನೆಟ್ಟಗ ಅದಾವೋ ಇಲ್ಲೋ?”

ಕಾಳಪ್ಪನ ಕೈ ತನಗರಿವಿಲ್ಲದೆ ಕಿವಿಗೆ ಹೋಯಿತು. ಇಡೀ ಕಚೇರಿ ಬಾಯಿ ತುಂಬ ನಕ್ಕಿತು. ಅಂದಿನಿಂದ ಅವನು ಯಲ್ಲವ್ವನವರಿಗೆ ‘ಬರ್ರಿ’, ‘ಕುಂದರ್ರಿ’ ಎನ್ನುತ್ತಾನೆ.

ವಸುಧಾ ನಗಲಿಲ್ಲ. ಎಣಿಸುವಾಗ ಅವರು ನಗುವುದಿಲ್ಲ. ಒಂದೊಂದು ಸೂಜಿಯನ್ನೂ ಚಿಮಟದಿಂದ ಹಿಡಿದು, ವಹಿಯ ಹೆಸರಿಗೆ ಗುರುತು ಹಾಕಿ, ಬಿಳಿ ಡಬ್ಬಿಗೆ ಬಿಡುತ್ತ ಹೋದರು. ‘ಗಾಯ ಮಾಯ್ದಿದೆ’ ಎಂಬ ಬರಹದ ಮೇಲೆ ಅವರ ಬೆರಳು ಆಗಾಗ ನಿಲ್ಲುತ್ತಿತ್ತು. ಇದನ್ನು ಬರೆಯಲು ಹೇಳಿದವರು ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದಳು ವಿಜಯಶ್ರೀ. ಕೊನೆಗೆ ವಸುಧಾ ತಲೆ ಎತ್ತಿದರು.

“ಅರವತ್ತು.”

ವಹಿಯ ಒಂದು ಸಾಲಿನಲ್ಲಿ ಹೆಸರಿರಲಿಲ್ಲ. ಊರೂ ಇರಲಿಲ್ಲ. ವಿಜಯಶ್ರೀ ಮನೆಯಲ್ಲಿ ಇಲ್ಲದ ದಿನದ ಸಾಲು ಅದು. ಅಲ್ಲಿ ಒಂದು ಬೊಟ್ಟು ಮಾತ್ರ ಇತ್ತು, ಹಚ್ಚೆಯ ಮಸಿಯದು. ಅದರ ಪಕ್ಕದಲ್ಲಿ ಇನ್ನೊಂದು ಬೊಟ್ಟು, ಇತ್ತೀಚೆಗೆ ಯಲ್ಲವ್ವ ಮಗಳನ್ನು ಬಿಟ್ಟು ಒಬ್ಬರೇ ಹೋಗಿ ಬಂದ ದಿನ ಇಟ್ಟದ್ದು. ಅದು ಯಾವ ದಿನ, ಬಂದಾಕೆ ಎತ್ತಲಿನವಳು, ಏನು ಕೇಳಿ ಬಂದಿದ್ದಳು ಎಂಬುದು ಇಲ್ಲಿ ಬೇಡ. ಒಬ್ಬಳೇ ಬಂದಿದ್ದಳು, ಹೆಸರು ಬರೆಸಬೇಡ ಎಂದು ಕೈ ಹಿಡಿದು ಕೇಳಿಕೊಂಡಿದ್ದಳು. ಮನೆಗೆ ಹೋಗುವ ಮೊದಲೇ ಸೂಜಿಯನ್ನು ಯಾರಿಗೂ ಸಿಗದ ಕಡೆ ಬಿಸಾಡಿದ್ದಳು. ಇಷ್ಟನ್ನು ಮಾತ್ರ ಯಲ್ಲವ್ವ ಹೇಳುತ್ತಾರೆ. ಆ ಸೂಜಿ ಇನ್ನು ಸಿಗುವಂತಿರಲಿಲ್ಲ. ಆಕೆಯ ಹೆಸರು ಹೇಳಿ, ಆಕೆಯನ್ನು ಕಚೇರಿಗೆ ಕರೆತಂದು, ಹೌದು ಎನಿಸಿದ್ದರೆ ಲೆಕ್ಕ ಮುಗಿಯುತ್ತಿತ್ತು.

“ಇದು ಯಾರದು?” ಎಂದು ಕೇಳಿದರು ವಸುಧಾ.

ಯಲ್ಲವ್ವ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತರು. ಮಗಳು ತಾಯಿಯ ಮುಖ ನೋಡಿದಳು. ಗೋದೂಬಾಯಿ, “ಹೇಳ ಯಲ್ಲವ್ವ, ಅರವತ್ತು ತಂದೀ, ಒಂದರ ಸಲುವಾಗಿ ಕೆಡಿಸ್ಕೋಬ್ಯಾಡ,” ಎಂದರು.

“ಅದು ಬರಂಗಿಲ್ರಿ ಮೇಡಂ. ತಪ್ಪ ನಂದ ಅಂತ ಬರಕೋರಿ.”

“ಹೆಸರು ಹೇಳಿದ್ರ ಸಾಕು. ನಾ ಹೊರಗ ಬಿಡೋದಿಲ್ಲ.”

“ನೀವು ಬಿಡಂಗಿಲ್ರಿ, ನನಗ ಗೊತ್ತೈತಿ. ಕಾಗದ ಬಿಡತೈತಿ.”

ನಲವತ್ತಮೂರು ವರ್ಷ ಆ ಮೇಜಿನ ಮೇಲೆ ಇತ್ತು. ವಸುಧಾ ಎರಡನೆಯ ಬೊಟ್ಟಿನ ಮೇಲೆ ಬೆರಳಿಟ್ಟರು. “ಮತ್ತ ಇದೇನು?”

“ಗಾಯ ಮಾದೈತ್ರಿ.”

“ನೀವು ಕಣ್ಣಾರೆ ನೋಡೀರಿ?”

“ನೋಡೇನ್ರಿ.”

“ಆರಾಮ ಇದ್ದಾಳ?”

“ಅದಾಳ್ರಿ.”

ವಸುಧಾ ವಹಿ ಮುಚ್ಚಿದರು. ಖಾಲಿ ಲಿಂಬೆಹಣ್ಣುಗಳು ಉಳಿದಿದ್ದ ಪರಾತವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಬರೆದರು. ಅರ್ಜಿದಾರರು ಒಬ್ಬರಿಗೆ ಒಂದೇ ಸೂಜಿ ಬಳಸುವುದು ಖಾತ್ರಿಯಾಗಿದೆ. ಗಾಯಗಳನ್ನು ಮರಳಿ ಹೋಗಿ ನೋಡಿದ್ದಾರೆ. ಪರವಾನಗಿಗೆ ಶಿಫಾರಸು ಮಾಡಲಾಗಿದೆ. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಷರಾ: ಒಂದು ಸೂಜಿಯ ವಿವರ ದೊರೆತಿಲ್ಲ, ಜವಾಬ್ದಾರಿ ಅರ್ಜಿದಾರರದು, ಆದ್ದರಿಂದ ಒಂದು ವರ್ಷದ ಮಟ್ಟಿಗೆ, ತಿಂಗಳ ತಪಾಸಣೆಗೆ ಒಳಪಟ್ಟು.

ಸೂಜಿಯ ಪದ್ಧತಿಗೂ ಅಂದೇ ಒಂದು ದಾರಿಯಾಯಿತು. ಈಗ ಯಲ್ಲವ್ವನವರ ಮಣೆಯ ಪಕ್ಕ ಬಿಳಿ ಡಬ್ಬಿ ಇರುತ್ತದೆ, ತುಂಬಿದ ಮೇಲೆ ಅದನ್ನು ಪುರಸಭೆಯವರು ಒಯ್ದು ಸುಡಿಸುತ್ತಾರೆ. ಚುಚ್ಚಿದ ಕೂಡಲೇ ಚಿಮಟವನ್ನು ತಾಯಿಯ ಕೈಗೆ ಕೊಡುತ್ತಾರೆ. ತಾಯಿ ತನ್ನ ಕೈಯಿಂದಲೇ ಸೂಜಿಯನ್ನು ಡಬ್ಬಿಗೆ ಬಿಡಬೇಕು, ಯಲ್ಲವ್ವ ಮುಟ್ಟುವುದಿಲ್ಲ. ಮನೆಗೆ ಒಯ್ಯಲು ಬರೀ ಲಿಂಬೆಹಣ್ಣು. ಮೊದಮೊದಲು ಮುದುಕಿಯರು ಗೊಣಗಿದರು. “ಪರರ ಕೈಗೆ ಹೋಗಬಾರದು ಅನ್ನೂದ ನೇಮ. ಹೋಗಂಗಿಲ್ಲಲ್ಲ, ಸುಟ್ಟ ಬೂದಿ ಆಗ್ತೈತಿ,” ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಒಪ್ಪಿಸಿದ್ದಾರೆ.

ಪರವಾನಗಿ ಈಗ ಗಾಜಿನ ಚೌಕಟ್ಟಿನಲ್ಲಿದೆ. ಮಾನಪ್ಪ ಅದನ್ನೂ ಸ್ವಲ್ಪ ಸೊಟ್ಟಗೇ ಹೊಡೆದಿದ್ದಾನೆ. ಬಂದವರಿಗೆ ಯಲ್ಲವ್ವ ಅದನ್ನು ಓದಿಸುತ್ತಾರೆ. ಕೆಂಪು ಷರಾ ಬಂದಾಗಲೂ ನಿಲ್ಲಿಸಬೇಡ, ಓದು ಎನ್ನುತ್ತಾರೆ. ಯಾಕಜ್ಜಿ, ಏನ ತಪ್ಪ ಮಾಡಿದ್ದಿ ಎಂದು ಕಾಲೇಜಿನ ಹುಡುಗಿಯೊಬ್ಬಳು ಕೇಳಿದಾಗ, “ಒಂದ ಕಳೀತವ್ವಾ, ವಯಸ್ಸಾತಲ್ಲ,” ಎಂದರು. ಎಂಬತ್ತನಾಲ್ಕರಲ್ಲಿ ಒಂದನ್ನೂ ಕಳೆಯದ ಹೆಂಗಸು ಆಡಿದ ಮಾತು ಅದು.

ಅವರ ಆಸೆ ದೊಡ್ಡದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲೂ ಇಂಥದೊಂದು ಕಾಗದ ಬೇಕು. ಸಂತೆಯಲ್ಲಿ ಮಣೆ ಹಾಕಿ ಕುಳಿತಾಗ ಯಾರೂ ಎಬ್ಬಿಸಬಾರದು. “ಮೂರ ಕಾಗದ ಆದ್ರ ಮುಗೀತ್ರಿ. ಆಮ್ಯಾಲ ಕಣ್ಣ ಕಾಣೂತನ ಚುಚ್ಚತೇನಿ.” ಮೂರೂ ಅರ್ಜಿ ಸಿದ್ಧವಾಗಿವೆ. ಬಾಗೇವಾಡಿಯ ಪರವಾನಗಿಯ ನವೀಕರಣವೂ ಈ ತಿಂಗಳೇ ಬಂದಿದೆ. ಅದರಲ್ಲೊಂದು ಅಂಕಣವಿದೆ: ಹಿಂದಿನ ಷರಾಕ್ಕೆ ವಿವರಣೆ. ಅಲ್ಲಿ ವಿವರಣೆ ಕೊಟ್ಟರೆ ಕೆಂಪು ಸಾಲು ಹೋಗುತ್ತದೆ, ತಿಂಗಳ ತಪಾಸಣೆ ನಿಲ್ಲುತ್ತದೆ, ಉಳಿದ ಮೂರು ಊರಿನ ಕಚೇರಿಗಳೂ ಮರುಮಾತಿಲ್ಲದೆ ಒಪ್ಪಬಹುದು.

ಮೊನ್ನೆ ಸಂಜೆ ಅಂಗಡಿಯ ಹೊಸ್ತಿಲಲ್ಲಿ ಕುಳಿತು ವಿಜಯಶ್ರೀ ನಮೂನೆ ತುಂಬುತ್ತಿದ್ದಳು. ಆ ಅಂಕಣಕ್ಕೆ ಬಂದು ಪೆನ್ನು ನಿಲ್ಲಿಸಿದಳು.

“ಯವ್ವಾ, ಇಲ್ಲೇನ ಬರೀಲಿ? ಹೆಸರ ಬ್ಯಾಡ, ಯಾಕ ಬಂದಿದ್ಲು ಅನ್ನೂದರ ಹೇಳು.”

ಯಲ್ಲವ್ವ ಚಿಮಟ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಿ ಒಂದು ಗಳಿಗೆ ಓಣಿಯ ಕಡೆ ನೋಡಿದರು. ಯಾರೋ ಹೆಂಗಸರು ನೀರಿನ ಕೊಡ ಹೊತ್ತು ಮಾತಾಡಿಕೊಂಡು ಹೋಗುತ್ತಿದ್ದರು.

“ಅದನ್ನ ಖಾಲಿ ಬಿಡು.”

“ಖಾಲಿ ಬಿಟ್ರ ಷರಾ ಹಂಗ ಉಳೀತೈತಿ. ಮೂರೂ ಊರಾಗ ಮತ್ತ ಕೇಳ್ತಾರ.”

“ಕೇಳಲಿ. ಮೂರೂ ಊರಾಗ ಇದನ್ನ ಹೇಳತೇನಿ, ಕಳೀತು ಅಂತ.”

“ನನಗರ ಹೇಳಬೇ. ನಾ ನಿನ್ನ ಮಗಳು.”

“ಆಕಿನೂ ಯಾರದೋ ಮಗಳು,” ಎಂದರು ಯಲ್ಲವ್ವ. “ನಿನಗೂ ಇಲ್ಲ, ನಿಮ್ಮಪ್ಪಗೂ ಇಲ್ಲ. ಯಾರಿಗೂ ಹೇಳಂಗಿಲ್ಲ ನಾ. ತಾ ಇಲ್ಲಿ, ಹೆಬ್ಬಟ್ಟ ಎಲ್ಲಿ ಒತ್ತಬೇಕ ತೋರಸು.”